ರೈಲು ಬಿಟ್ಟುಹೋದ ದಾರಿಯಲ್ಲಿ ಸೈಕಲ್: ಕ್ಯಾಸ್ಕೇಡ್ ಬೆಟ್ಟದಿಂದ ಕೊಲಂಬಿಯಾ ನದಿವರೆಗೆ

ಸಿಯಾಟಲ್ ಸುತ್ತಮುತ್ತ ಸೈಕಲ್ ತುಳಿಯುವ ನಮ್ಮವರು ಒಂದಲ್ಲ ಒಂದು ಸಲ ಪಲೂಸ್ ಟು ಕ್ಯಾಸ್ಕೇಡ್ಸ್ ಟ್ರೇಲ್ ಹೆಸರು ಕೇಳಿರುತ್ತಾರೆ. ವಾಷಿಂಗ್ಟನ್ ರಾಜ್ಯವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವ ಹಾದಿ ಇದು. ಮೊದಲು ಇಲ್ಲಿ ಮಿಲ್ವಾಕಿ ರೋಡ್ ಕಂಪನಿಯ ರೈಲು ಓಡುತ್ತಿತ್ತು. 1909ರಲ್ಲಿ ಶುರುವಾದ ಮಾರ್ಗವನ್ನು 1980ರಲ್ಲಿ ಕಂಪನಿ ಕೈಬಿಟ್ಟಿತು. ಹಳಿಗಳು ಹೋದವು, ಸುರಂಗಗಳೂ ಸೇತುವೆಗಳೂ ಉಳಿದವು. ಹಳೇ ನಕ್ಷೆಗಳಲ್ಲಿ ಇದಕ್ಕೆ ಐರನ್ ಹಾರ್ಸ್ ಅಂತಲೋ ಜಾನ್ ವೇನ್ ಪಯೋನಿಯರ್ ಟ್ರೇಲ್ ಅಂತಲೋ ಹೆಸರಿರುತ್ತದೆ. ಗಾಬರಿ ಬೇಡ, ಎಲ್ಲ ಒಂದೇ ಹಾದಿ.

ಇಡೀ ಹಾದಿ 400 ಕಿ.ಮೀ.ಗಿಂತ ಜಾಸ್ತಿ ಇದೆ. ನಾನು ಮತ್ತು ನನ್ನ ತಮ್ಮ ಆರಿಸಿಕೊಂಡದ್ದು ಪಶ್ಚಿಮದ ಭಾಗ. ರ‍್ಯಾಟಲ್‌ಸ್ನೇಕ್ ಕೆರೆಯಿಂದ ಕೊಲಂಬಿಯಾ ನದಿವರೆಗೆ, ಸುಮಾರು 177 ಕಿ.ಮೀ. ನಕ್ಷೆ ನೋಡುತ್ತಿದ್ದ ತಮ್ಮ, "ಅಣ್ಣ, ಇದರಲ್ಲಿ ಏರೇ ಇಲ್ಲ. ಎರಡು ದಿನಕ್ಕೆ ಮುಗಿಸೋಣ, ಸಾಕಲ್ವಾ?" ಅಂದ.

"ಏರು ನೋಡಬೇಡ ಕಣೋ. ನೆಲ ನೋಡು, ನೀರು ನೋಡು, ಗಾಳಿ ನೋಡು" ಅಂದೆ.

ಇಂಥ ಹಾದಿಯ ಯೋಜನೆ ಅಂದರೆ ಇಷ್ಟೇ ಅಂತ ನಾನು ನಂಬಿದ್ದೇನೆ. ರೈಲಿಗೆ ಕಡಿದಾದ ಏರು ಆಗದು. ನಮ್ಮ ಸಕಲೇಶಪುರದ ಘಾಟಿಯಲ್ಲೂ ರೈಲು ಏರುವುದು 50ಕ್ಕೆ 1ರ ಇಳಿಜಾರಿನಲ್ಲಿ, ಅಂದರೆ ನೂರಕ್ಕೆ ಎರಡು. ಇಲ್ಲೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ರಸ್ತೆ ಸವಾರಿಗೆ ನಾವು ಹಾಕುವ ಲೆಕ್ಕ, ಎಷ್ಟು ಮೀಟರ್ ಏರು, ಗಂಟೆಗೆ ಎಷ್ಟು ಕಿ.ಮೀ., ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಚಕ್ರದ ಕೆಳಗೆ ಏನಿದೆ ಅನ್ನುವುದರ ಮೇಲೆ ದಿನ ಹಂಚಬೇಕು.

ನಾವು ಹಂಚಿಕೊಂಡದ್ದು ಹೀಗೆ. ಮೊದಲು ರ‍್ಯಾಟಲ್‌ಸ್ನೇಕ್ ಕೆರೆಯಿಂದ ಈಸ್ಟನ್, ಸುಮಾರು 60 ಕಿ.ಮೀ. ಆಮೇಲೆ ಈಸ್ಟನ್‌ನಿಂದ ಎಲೆನ್ಸ್‌ಬರ್ಗ್ ದಾಟಿ ಕಿಟಿಟಾಸ್ ಊರು, 70 ಕಿ.ಮೀ. ಕೊನೆಗೆ ಕಿಟಿಟಾಸ್‌ನಿಂದ ನದಿ, ಬರೀ 45 ಕಿ.ಮೀ. ಎಲ್ಲಕ್ಕಿಂತ ಚಿಕ್ಕದಾದ ಈ ಕೊನೆಯ ತುಂಡಿಗೆ ಒಂದು ಇಡೀ ದಿನ ಎತ್ತಿಟ್ಟೆ. ತಮ್ಮನಿಗೆ ಆಗ ಅದು ಅತಿ ಅನ್ನಿಸಿತ್ತು.

ತಿಂಗಳು ಆರಿಸುವುದು ಸುಲಭ, ಯಾಕೆಂದರೆ ಆಯ್ಕೆ ಕಮ್ಮಿ. ಹಾದಿಯಲ್ಲಿ ಬೆಟ್ಟ ಕೊರೆದು ಮಾಡಿದ ಸ್ನೋಕ್ವಾಲ್ಮಿ ಸುರಂಗವನ್ನು ನವೆಂಬರ್ ಮೊದಲಿಂದ ಮೇ ಮೊದಲವರೆಗೆ ಮುಚ್ಚಿರುತ್ತಾರೆ, ಒಳಗೆ ಮಂಜುಗಡ್ಡೆ ಜೋತು ಬಿದ್ದು ಕಳಚಿಕೊಳ್ಳುತ್ತದೆ. ಜುಲೈ, ಆಗಸ್ಟ್‌ನಲ್ಲಿ ಪೂರ್ವದ ಬಯಲು ಕಾದ ಹಂಚು, ಜೊತೆಗೆ ಕಾಡ್ಗಿಚ್ಚಿನ ಹೊಗೆ. ಉಳಿದದ್ದು ಮೇ ಕೊನೆ, ಜೂನ್, ಇಲ್ಲವೇ ಸೆಪ್ಟೆಂಬರ್ ಕೊನೆಯ ನಂತರದ ದಿನಗಳು. ನಾವು ಜೂನ್ ಮೊದಲ ವಾರ ಹೊರಟೆವು. ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಅದೇ ಒಂದು ದೊಡ್ಡ ಧೈರ್ಯ.

ದಿಕ್ಕು ಮಾತ್ರ ಪಶ್ಚಿಮದಿಂದ ಪೂರ್ವಕ್ಕೇ ಇರಲಿ. ಬೇಸಿಗೆಯಲ್ಲಿ ಕಿಟಿಟಾಸ್ ಕಣಿವೆಯಲ್ಲಿ ಮಧ್ಯಾಹ್ನದ ಮೇಲೆ ಪಶ್ಚಿಮದ ಗಾಳಿ ಜೋರಾಗಿ ಬೀಸುತ್ತದೆ. ಅಲ್ಲಿ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆ ಗಾಳಿ ಬೆನ್ನಿಗಿದ್ದರೆ ಹಬ್ಬ. ಎದುರಿಗಿದ್ದರೆ ಸಮತಟ್ಟು ನೆಲದಲ್ಲೂ ಸಣ್ಣ ಗೇರ್‌ಗೆ ಇಳಿಯಬೇಕು.

ಸೈಕಲ್ ವಿಚಾರ. ನಮ್ಮಿಬ್ಬರದೂ ಗ್ರಾವೆಲ್ ಬೈಕ್, ಅಂದರೆ ಜಲ್ಲಿ ಹಾದಿಗೂ ಆಗುವ ಸೈಕಲ್, 47 ಮಿ.ಮೀ. ಟೈರ್. ಪೂರ್ವದ ಮರಳಿಗೆ 50 ಮಿ.ಮೀ. ಇದ್ದರೆ ಇನ್ನೂ ಒಳ್ಳೆಯದು. ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲೆಂಟ್, ಅಂದರೆ ತೂತು ಬಿದ್ದರೆ ತಾನೇ ಮುಚ್ಚುವ ದ್ರವ, ಹೊಸದಾಗಿ ತುಂಬಿಸಿಕೊಂಡೆವು. ಇದಕ್ಕೆ ಕಾರಣ ನೆಗ್ಗಿಲು ಮುಳ್ಳು. ಹೌದು, ನಮ್ಮೂರ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುವ ಅದೇ ನೆಗ್ಗಿಲು. ಪೂರ್ವ ವಾಷಿಂಗ್ಟನ್ನಿನ ಒಣ ನೆಲದಲ್ಲಿ ಅದು ಚೆನ್ನಾಗಿ ಬೇರೂರಿದೆ. ಬರೀ ಟ್ಯೂಬ್ ನೆಚ್ಚಿಕೊಂಡು ಹೋದವರು ಪಂಕ್ಚರ್ ಹಾಕುತ್ತಲೇ ಹೊತ್ತು ಕಳೆಯಬೇಕಾಗುತ್ತದೆ.

ರ‍್ಯಾಟಲ್‌ಸ್ನೇಕ್ ಕೆರೆಯಿಂದ ಬೆಟ್ಟದ ತಲೆಯಲ್ಲಿರುವ ಹಯಾಕ್‌ಗೆ 30 ಕಿ.ಮೀ. ಚಿಲ್ಲರೆ. ಅಷ್ಟು ದೂರದಲ್ಲಿ ಏರುವುದು 500 ಮೀಟರ್ ಒಳಗೆ. ಗಟ್ಟಿಯಾದ ಪುಡಿಜಲ್ಲಿ, ಎರಡೂ ಕಡೆ ಫರ್ ಮರಗಳ ಕಾಡು, ಮಧ್ಯೆ ಮಧ್ಯೆ ಎತ್ತರದ ಕಬ್ಬಿಣದ ಸೇತುವೆಗಳು. ಚೇಂಜ್ ಕ್ರೀಕ್ ಸೇತುವೆಯ ಪಕ್ಕದ ಬಂಡೆಯಲ್ಲಿ ಹಗ್ಗ ಕಟ್ಟಿಕೊಂಡು ಹತ್ತುವವರು ಸದಾ ಇರುತ್ತಾರೆ. ಹ್ಯಾನ್ಸನ್ ಕ್ರೀಕ್ ಮೇಲಿನ ಸೇತುವೆ ಬಾಗಿ ತಿರುಗುತ್ತದೆ, ಅಲ್ಲಿಂದ ಕೆಳಗಿನ ಹೆದ್ದಾರಿಯ ಲಾರಿಗಳು ಆಟಿಕೆಯಷ್ಟು ಕಾಣುತ್ತವೆ. ಇಲ್ಲಿ ಅವಸರ ಮಾಡಬೇಡಿ, ಇಡೀ ಸವಾರಿಯಲ್ಲಿ ನೆರಳು ಧಾರಾಳವಾಗಿ ಸಿಗುವುದು ಇದೇ ಭಾಗದಲ್ಲಿ.

ಆಮೇಲೆ ಸ್ನೋಕ್ವಾಲ್ಮಿ ಸುರಂಗ. ಉದ್ದ ಸುಮಾರು 3.7 ಕಿ.ಮೀ., 1915ರಲ್ಲಿ ರೈಲಿಗೆ ತೆರೆದದ್ದು. ಬಾಯಿಗೆ ಹತ್ತು ಹೆಜ್ಜೆ ದೂರ ಇರುವಾಗಲೇ ಒಳಗಿನ ತಣ್ಣನೆ ಗಾಳಿ ಮೊಣಕಾಲಿಗೆ ತಾಗಿತು. ನಿಂತು ಜಾಕೆಟ್, ಕೈಗವಸು ಹಾಕಿಕೊಂಡೆವು, ದೀಪ ಹಚ್ಚಿದೆವು. ಸುರಂಗ ನೆಟ್ಟಗಿದೆ, ಹಾಗಾಗಿ ಆ ಕೊನೆಯ ಬೆಳಕು ಸಾಸಿವೆ ಕಾಳಿನಷ್ಟು ಕಾಣುತ್ತದೆ. ಎಷ್ಟು ತುಳಿದರೂ ಅದು ದೊಡ್ಡದಾಗುವುದೇ ಇಲ್ಲ. ಮೇಲಿನಿಂದ ನೀರು ತೊಟ್ಟಿಕ್ಕಿ ಹೆಲ್ಮೆಟ್ ಮೇಲೆ ಟಪ್ ಅನ್ನುತ್ತದೆ. ಗೋಡೆ ಹತ್ತಿರ ಇದ್ದೇವೋ ನಡುವೆ ಇದ್ದೇವೋ ತಿಳಿಯುವುದಿಲ್ಲ, ದೀಪವನ್ನು ಸ್ವಲ್ಪ ಕೆಳಗೆ ಬಗ್ಗಿಸಿದರೆ ನೆಲ ಕಾಣುತ್ತದೆ. ಮೊಬೈಲಿನ ದೀಪ ನೆಚ್ಚಿಕೊಂಡು ಯಾರೂ ಒಳಗೆ ಹೋಗಬೇಡಿ. ಒಳ್ಳೇ ಹೆಡ್‌ಲೈಟ್ ಒಂದು, ಕೈಕೊಟ್ಟರೆ ಅಂತ ಇನ್ನೊಂದು. ಎದುರಿನಿಂದ ಬರುವವರೂ ಇರುತ್ತಾರೆ, ಹಿಂದೆ ಕೆಂಪು ದೀಪವೂ ಬೇಕು.

ಹಯಾಕ್ ಕಡೆ ಹೊರಬಂದರೆ ಹವಾಮಾನವೇ ಬೇರೆ. ಕೀಚೆಲಸ್ ಕೆರೆಯ ದಂಡೆಗುಂಟ ನಿಧಾನ ಇಳಿಜಾರು. ಈಸ್ಟನ್ ಕೆರೆ ಪಕ್ಕದ ರಾಜ್ಯ ಉದ್ಯಾನದಲ್ಲಿ ಡೇರೆ ಹಾಕಿದೆವು. ಜಾಗವನ್ನು ಮೊದಲೇ ಕಾಯ್ದಿರಿಸಿದ್ದೆ. ರಾತ್ರಿಗೆ ಚಪಾತಿ, ಶೇಂಗಾ ಚಟ್ನಿಪುಡಿ.

ಮುಂದಿನ ಭಾಗ ಹಗುರ. ಸೌತ್ ಕ್ಲೀ ಎಲಮ್‌ನಲ್ಲಿ ಹಳೇ ರೈಲು ನಿಲ್ದಾಣವನ್ನು ದುರಸ್ತಿ ಮಾಡಿ ಉಳಿಸಿಕೊಂಡಿದ್ದಾರೆ. ಪಕ್ಕದಲ್ಲೇ ಇಟ್ಟಿಗೆಯ ವಿದ್ಯುತ್ ಕೇಂದ್ರದ ಕಟ್ಟಡ. ಈ ಬೆಟ್ಟದ ಮೇಲೆ ರೈಲುಗಳು ಅಷ್ಟು ಹಿಂದೆಯೇ ಕರೆಂಟಿನಿಂದ ಓಡುತ್ತಿದ್ದವು. ರೈಲಿನ ಹುಚ್ಚು ಇರುವವರು ಇಲ್ಲಿ ಒಂದು ಗಂಟೆ ಇಟ್ಟುಕೊಳ್ಳಿ. ಆಚೆಗೆ ಯಕಿಮಾ ನದಿಯ ಕಣಿವೆ, ಚಿಕ್ಕ ಸುರಂಗಗಳು, ಆಮೇಲೆ ಹುಲ್ಲುಗಾವಲು. ಎಲೆನ್ಸ್‌ಬರ್ಗ್ ಊರೊಳಗೆ ಹಾದಿ ತುಂಡಾಗುತ್ತದೆ, ರಸ್ತೆಯ ಮೇಲೆ ಸುತ್ತಿ ಹೋಗಿ ಮತ್ತೆ ಸೇರಬೇಕು. ಈ ತುಂಡನ್ನು ಮನೆಯಲ್ಲೇ ಜಿಪಿಎಸ್‌ಗೆ ಹಾಕಿಕೊಂಡಿದ್ದರೆ ತಲೆನೋವಿಲ್ಲ.

ಕಿಟಿಟಾಸ್‌ನಲ್ಲಿ ತಲೆಗೆ ಆರು ಲೀಟರ್ ನೀರು ತುಂಬಿಸಿಕೊಂಡೆವು. "ಇಷ್ಟು ಭಾರ ಯಾಕಣ್ಣ?" ಅಂತ ತಮ್ಮ ಕೇಳಿದ. ಮುಂದೆ ನದಿ ಸಿಗುವವರೆಗೆ ನಲ್ಲಿ ಇಲ್ಲ, ಅಂಗಡಿ ಇಲ್ಲ, ಮರವೂ ಇಲ್ಲ. ಹಾದಿ ಸೇನೆಯ ತರಬೇತಿ ಪ್ರದೇಶದೊಳಗೆ ಹೋಗುತ್ತದೆ. ಪ್ರವೇಶದಲ್ಲಿ ನಮ್ಮ ವಿವರ ನಾವೇ ಬರೆದು ಹೋಗಬೇಕು. ಒಳಗೆ ಡೇರೆ ಹಾಕುವಂತಿಲ್ಲ, ಹಾದಿ ಬಿಟ್ಟು ಆಚೀಚೆ ಕಾಲಿಡುವಂತಿಲ್ಲ. ಸಿಡಿಯದೆ ಉಳಿದ ಮದ್ದುಗುಂಡು ಇರಬಹುದು ಅನ್ನುವ ಎಚ್ಚರಿಕೆ ಬರೀ ಮಾತಲ್ಲ. ಹೊರಡುವ ಮುಂಚೆ ರಾಜ್ಯ ಉದ್ಯಾನ ಇಲಾಖೆಯ ಪುಟದಲ್ಲಿ ಹಾದಿ ತೆರೆದಿದೆಯೋ ಇಲ್ಲವೋ ನೋಡಿಕೊಳ್ಳಿ.

ನಸುಕಿಗೇ ಹೊರಟೆವು. ಹೆದ್ದಾರಿಯ ಮೇಲೆ ಹಾಯುವ ರೆನ್ಸ್‌ಲೋ ಸೇತುವೆ ದಾಟಿದ ಮೇಲೆ ನೆಲ ಬದಲಾಯಿತು. ಹಳಿ ಕೆಳಗೆ ಹಾಕುವ ದಪ್ಪ ಜಲ್ಲಿ ಹಾಗೇ ಉಳಿದಿದೆ. ಚಕ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರುತ್ತದೆ. ಬಾಯ್ಲ್‌ಸ್ಟನ್ ಸುರಂಗ ಮುಚ್ಚಿದೆ, ಗುಡ್ಡ ಹತ್ತಿ ಇಳಿಯಬೇಕು. ಇಡೀ ಸವಾರಿಯಲ್ಲಿ ನಿಜವಾದ ಕಡಿದಾದ ಏರು ಇದೊಂದೇ, ಏಕೆಂದರೆ ಇದು ರೈಲಿಗಾಗಿ ಮಾಡಿದ್ದಲ್ಲ! ತಳ್ಳಿಕೊಂಡೇ ಹೋದೆವು.

ಅಲ್ಲಿಂದ ನದಿವರೆಗೆ ಇಳಿಜಾರು, ಆದರೆ ತುಳಿಯದೆ ಹೋಗುವ ಇಳಿಜಾರಲ್ಲ. ಬಂಡೆ ಕಡಿದು ಮಾಡಿದ ಕಣಿವೆಗಳಲ್ಲಿ ಮರಳು ತುಂಬಿದೆ. ಟೈರಿನ ಗಾಳಿಯನ್ನು 40 ಪಿಎಸ್‌ಐಯಿಂದ 28ಕ್ಕೆ ಇಳಿಸಿದೆವು. ಮರಳಿನಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದಷ್ಟೂ ಬೀಳುವುದು ಖಚಿತ. ಭಾರ ಹಿಂದಕ್ಕೆ ಹಾಕಿ, ಕೈ ಸಡಿಲ ಬಿಟ್ಟು, ಸಣ್ಣ ಗೇರಿನಲ್ಲಿ ನಿಲ್ಲಿಸದೆ ತುಳಿಯುತ್ತಿರಬೇಕು. ಪೂರ್ವದಿಂದ ಬರುವವರು ಇದೇ ಮರಳಿನಲ್ಲಿ ನೂರಕ್ಕೆ ಎರಡರ ಏರು ಹತ್ತಬೇಕು. ದಿಕ್ಕು ಆರಿಸಲು ಗಾಳಿಯ ಜೊತೆಗೆ ಇದೂ ಒಂದು ಕಾರಣ. ಬೂದು ಹಸಿರಿನ ಸೇಜ್ ಪೊದೆಗಳ ವಾಸನೆ, ಕಪ್ಪು ಬಸಾಲ್ಟ್ ಬಂಡೆ, ಕೆಳಗೆ ಅಗಲವಾದ ನದಿ. ಬೆಳಗ್ಗೆ ಬಿಟ್ಟವರು ನದಿ ದಾಟುವ ಬೆವರ್ಲಿ ಸೇತುವೆ ಹತ್ತಿರ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. "ಒಂದಿಡೀ ದಿನ ಇಟ್ಟಿದ್ದು ಸರಿಯಾಯ್ತು ಬಿಡಣ್ಣ" ಅಂದ ತಮ್ಮ. ಕೊನೆಯ ಬಾಟಲಿಯಲ್ಲಿ ಅರ್ಧ ನೀರು ಮಿಕ್ಕಿತ್ತು.

ಈ ಸೇತುವೆ 2022ರ ಏಪ್ರಿಲ್‌ನಲ್ಲಿ ಸೈಕಲ್‌ನವರಿಗೆ, ನಡೆಯುವವರಿಗೆ, ಕುದುರೆ ಸವಾರರಿಗೆ ತೆರೆಯಿತು. ಉದ್ದ ಒಂದು ಕಿ.ಮೀ.ಗೆ ತುಸು ಕಮ್ಮಿ. ಅದಕ್ಕೂ ಮೊದಲು ನದಿ ದಾಟಲು ಯಾರದಾದರೂ ಗಾಡಿ ಹುಡುಕಬೇಕಿತ್ತು. ಆಚೆ ದಡದ ಬೆವರ್ಲಿ ತೀರಾ ಪುಟ್ಟ ಊರು. ಅಲ್ಲಿಂದ ಬಸ್ಸು ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ, ಕರೆದುಕೊಂಡು ಹೋಗಲು ಕಾರು ಬರುವ ಏರ್ಪಾಡು ಮೊದಲೇ ಆಗಿರಲಿ. ನಮ್ಮನ್ನು ಕರೆದೊಯ್ಯಲು ನನ್ನ ಹೆಂಡತಿ ಬಂದಿದ್ದಳು, ಡಿಕ್ಕಿಯಲ್ಲಿ ನೀರಿನ ಕ್ಯಾನ್ ಸಮೇತ.

ಇಷ್ಟೆಲ್ಲ ಬೇಡ, ಮಕ್ಕಳ ಜೊತೆ ಒಂದು ರುಚಿ ನೋಡೋಣ ಅನ್ನುವವರು ಎರಡು ಕಾರು ಹೊಂದಿಸಿಕೊಳ್ಳಿ. ಒಂದನ್ನು ರ‍್ಯಾಟಲ್‌ಸ್ನೇಕ್ ಕೆರೆ ಹತ್ತಿರ ಬಿಟ್ಟು, ಇನ್ನೊಂದರಲ್ಲಿ ಹಯಾಕ್‌ಗೆ ಹೋಗಿ. ಎರಡೂ ಕಡೆ ಗಾಡಿ ನಿಲ್ಲಿಸಲು ಏನು ಪಾಸ್ ಬೇಕು ಅಂತ ಮೊದಲೇ ವಿಚಾರಿಸಿಕೊಳ್ಳಿ. ಹಯಾಕ್‌ನಿಂದ ಹೊರಟರೆ ಮೊದಲಿಗೇ ಸುರಂಗ, ಆಮೇಲೆ 30 ಕಿ.ಮೀ. ಹದವಾದ ಇಳಿಜಾರು. ಹತ್ತು ವರ್ಷದ ಮಕ್ಕಳೂ ಆರಾಮಾಗಿ ಬರುತ್ತಾರೆ. ಜಾಕೆಟ್ ಮತ್ತು ದೀಪ ಮಾತ್ರ ತಲೆಗೊಂದು ಬೇಕೇ ಬೇಕು.