ಅಪ್ಪನ ವೀಲ್‌ಚೇರ್ ಮತ್ತು ಉಗಿ ಎಂಜಿನ್

ಅಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಮುಂದೆ ಕೆಲಸ ಮಾಡಿದವರು. ಲಕ್ವ ಹೊಡೆದ ಮೇಲೆ ವೀಲ್‌ಚೇರ್‌ನಲ್ಲೇ ಓಡಾಟ. ಮೈಸೂರಿನ ರೈಲು ಮ್ಯೂಸಿಯಂ ನೋಡಬೇಕು ಅನ್ನೋದು ಅವರ ಬಹಳ ದಿನದ ಆಸೆ. ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೆ ಎದುರು ಇದೆಯಲ್ವಾ, 1979ರಲ್ಲಿ ಶುರುವಾದದ್ದು, ಅದೇ.

ಹಿಂದೊಮ್ಮೆ ಬೇರೆ ಊರಿನ ಒಂದು ಮ್ಯೂಸಿಯಂಗೆ ಹೋಗಿದ್ದೆವು. ಫೋನ್‌ನಲ್ಲಿ "ಎಲ್ಲಾ ಅನುಕೂಲ ಇದೆ, ಬನ್ನಿ" ಅಂದಿದ್ದರು. ಹೋಗಿ ನೋಡಿದರೆ ಶೌಚಾಲಯದ ಬಾಗಿಲಲ್ಲಿ ಕುರ್ಚಿಯೇ ತೂರಲಿಲ್ಲ. ಮನೆ ಸೇರುವ ತನಕ ಅಪ್ಪ ಒಂದು ಗುಟುಕು ನೀರು ಕುಡಿಯಲಿಲ್ಲ. ಅವತ್ತಿನಿಂದ ನಾನು "ಅನುಕೂಲ ಇದೆಯಾ" ಅಂತ ಕೇಳುವುದನ್ನೇ ಬಿಟ್ಟೆ. "ನಮ್ಮ ಕುರ್ಚಿ 65 ಸೆಂಟಿಮೀಟರ್ ಅಗಲ. ಬಾಗಿಲು ಎಷ್ಟಿದೆ? ಮೆಟ್ಟಿಲು ಎಷ್ಟು?" ಅಂತ ಅಳತೆಯನ್ನೇ ಕೇಳುತ್ತೇನೆ.

ಮೈಸೂರಿಗೆ ಬೆಳಿಗ್ಗೆ ಬೇಗ ಹೊರಟೆವು. ಬಯಲಲ್ಲಿ ನಿಂತ ಕಬ್ಬಿಣ ಮಧ್ಯಾಹ್ನಕ್ಕೆ ಕಾದುಬಿಡುತ್ತದೆ, ಮುಟ್ಟೋಕಾಗಲ್ಲ. ಅಪ್ಪನಿಗೆ ಮುಟ್ಟದೆ ನೋಡಿದರೆ ನೋಡಿದ ಹಾಗೇ ಅಲ್ಲ.

ತಳ್ಳುವವರಿಗೆ ಎರಡು ಮಾತು. ಹಳಿ ದಾಟುವಾಗ ಓರೆಯಾಗಿ ಹೋಗಬೇಡಿ, ಮುಂದಿನ ಪುಟ್ಟ ಚಕ್ರ ಸಂದಿಗೆ ಸಿಕ್ಕಿಕೊಳ್ಳುತ್ತದೆ. ನೇರವಾಗಿ ನಿಂತು, ಮುಂಚಕ್ರ ಎತ್ತಿ ದಾಟಿಸಿ. ಜಲ್ಲಿ ಸಿಕ್ಕರೆ ತಳ್ಳಬೇಡಿ, ಕುರ್ಚಿ ತಿರುಗಿಸಿ ಹಿಂದಕ್ಕೆ ಎಳೆಯಿರಿ.

ಮೈಸೂರು ಮಹಾರಾಣಿಯವರ ಪ್ರಯಾಣದ ಸಲೂನ್ ಬೋಗಿ 1899ರದ್ದು. ಅಡುಗೆಮನೆ, ಊಟದ ಜಾಗ ಎಲ್ಲಾ ಅದರಲ್ಲೇ. ಅಪ್ಪ ಹತ್ತುವ ಹಾಗಿರಲಿಲ್ಲ. ನಾನು ನೋಡಿ, ಮೊಬೈಲಿನಲ್ಲಿ ವಿಡಿಯೋ ಮಾಡಿ ತಂದು ತೋರಿಸಿದೆ. ಸುಮ್ನೆ ತಲೆಯಾಡಿಸಿದರು. ಮನಸ್ಸೆಲ್ಲ ಉಗಿ ಎಂಜಿನ್ ಮೇಲಿತ್ತು.

ಎಂಜಿನ್ ಪಕ್ಕ ಕುರ್ಚಿ ನಿಲ್ಲಿಸಿದಾಗ ಒಂದು ವಿಷಯ ಗೊತ್ತಾಯಿತು. ನಿಂತವರಿಗೆ ಮೊದಲು ಕಾಣೋದು ಬಾಯ್ಲರ್ ಹೊಟ್ಟೆ. ಕೂತವರ ಕಣ್ಣಿಗೆ ನೇರ ಬರೋದು ಸಿಲಿಂಡರ್, ದೊಡ್ಡ ಚಕ್ರ, ಎರಡನ್ನೂ ಜೋಡಿಸುವ ರಾಡ್. ಎಂಜಿನ್ ಓಡುವುದೇ ಅಲ್ಲಿ. ನಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ನಮ್ ಕಾರ್ಖಾನೆ ಬಾಯ್ಲರ್‌ನಲ್ಲಿ ಪೈಪ್ ಒಳಗೆ ನೀರು, ಹೊರಗೆ ಬೆಂಕಿ ಕಣೋ," ಅಂದರು ಅಪ್ಪ. "ಇದ್ರಲ್ಲಿ ಉಲ್ಟಾ. ಬೆಂಕಿ ಶಾಖ ಪೈಪ್ ಒಳಗೆ ಹೋಗ್ತದೆ, ನೀರು ಹೊರಗಿರ್ತದೆ. ಅಲ್ಲಿ ಹುಟ್ಟಿದ ಉಗಿ ಈ ಸಿಲಿಂಡರ್‌ಗೆ ಬಂದು ಪಿಸ್ಟನ್ ತಳ್ತದೆ. ಪಿಸ್ಟನ್ ರಾಡ್ ತಳ್ತದೆ, ರಾಡ್ ಚಕ್ರ ತಿರುಗಿಸ್ತದೆ." ಸರಿಯಿದ್ದ ಎಡಗೈಯಲ್ಲಿ ರಾಡನ್ನು ಉದ್ದಕ್ಕೂ ಸವರಿದರು. ಇಷ್ಟು ಮಾತು ಅವರ ಬಾಯಿಂದ ಒಟ್ಟಿಗೆ ಬಂದು ವರ್ಷವೇ ಆಗಿತ್ತು.

ಹೊರಡೋಣ ಅಂದೆ. ಅಪ್ಪ ಬ್ರೇಕ್ ಬಿಡಲಿಲ್ಲ.

"ಆ ಕಡೆ ರಾಡ್ ಎಲ್ಲಿ ನಿಂತದೆ, ನೋಡ್ಕೊಂಡ್ ಬಾ."

ಸುತ್ತಿ ಹೋಗಿ ನೋಡಿದೆ. ಆ ಬದಿಯ ರಾಡ್ ಕಾಲು ಸುತ್ತು ಬೇರೆ ಜಾಗದಲ್ಲಿತ್ತು. ಬಂದು ಹೇಳಿದೆ.

"ಎರಡೂ ಒಂದೇ ಥರ ಇದ್ರೆ, ನಿಂತ ಎಂಜಿನ್ ಕೆಲವು ಸಲ ಹೊರಡೋದೇ ಇಲ್ಲ," ಅಂದರು. "ಒಂದು ಕಡೆ ಪಿಸ್ಟನ್ ತುದಿಗೆ ಹೋಗಿ ಸುಮ್ಮನಾದ್ರೆ, ಇನ್ನೊಂದು ಎಳೀಬೇಕು. ಅದಕ್ಕೇ ಹಂಗೆ ಕೂರಿಸೋದು. ನನ್ನೂ ಆ ಕಡೆ ಕರ್ಕೊಂಡ್ ಹೋಗು."

ಕುರ್ಚಿಯ ಮುಂಚಕ್ರ ಎತ್ತಿ, ಹಳಿ ದಾಟಿಸಿ, ಆ ಬದಿಗೆ ಕರೆದುಕೊಂಡು ಹೋದೆ.