ಕುಂಡದಲ್ಲಿ ನೆರೈನ್: ಕತ್ತು ಹೂಳಬೇಡಿ, ನಿದ್ದೆ ಕೆಡಿಸಬೇಡಿ

ನೆರೈನ್ ಎಂಬ ಹೂಗಿಡದ ಗೆಡ್ಡೆ ನೆಟ್ಟವರ ದೂರು ಸಾಮಾನ್ಯವಾಗಿ ಒಂದೇ. "ಎಲೆ ಸೊಂಪಾಗಿ ಬರುತ್ತೆ, ಹೂ ಮಾತ್ರ ಇಲ್ಲ." ಹೋಗಿ ಕುಂಡ ನೋಡಿದರೆ ಕಾರಣ ಅಲ್ಲೇ ಕಾಣುತ್ತದೆ. ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡ ಕುಂಡ, ಗೊಬ್ಬರ ತುಂಬಿದ ಕಪ್ಪು ಮಣ್ಣು, ಒಂದು ಗೇಣು ಆಳದಲ್ಲಿ ಹೂತ ಗೆಡ್ಡೆ, ಮೇಲೆ ದಿನಾ ನೀರು. ಆರೈಕೆ ಸಾಲದೆ ನೆರೈನ್ ಕೆಡುವುದು ಅಪರೂಪ. ಜಾಸ್ತಿಯಾಗಿಯೇ ಕೆಡುತ್ತದೆ.

ಸರಿಯಾಗಿ ಬೆಳೆಸಿದರೆ ಬೇರೆ ಗಿಡಗಳು ಹೂ ಮುಗಿಸಿ ಸುಮ್ಮನಾಗುವ ಶರತ್ಕಾಲದಲ್ಲಿ ಇದು ಅರಳುತ್ತದೆ. ನೀಳ ದಂಟಿನ ತುದಿಯಲ್ಲಿ ಒಂದು ಗೊಂಚಲು. ಎಸಳು ಕಿರಿದು, ಅಂಚು ಅಲೆಅಲೆ, ತುದಿ ಹಿಂದಕ್ಕೆ ಸುರುಳಿ. ಭೂಮಧ್ಯರೇಖೆಯ ಉತ್ತರಕ್ಕಿರುವವರಿಗೆ ಹೂವಿನ ಕಾಲ ಸೆಪ್ಟೆಂಬರ್‌ನಿಂದ ನವೆಂಬರ್. ದಕ್ಷಿಣದವರು ಇಲ್ಲಿರುವ ತಿಂಗಳುಗಳಿಗೆಲ್ಲ ಆರು ಕೂಡಿಸಿಕೊಳ್ಳಿ.

ಮೊದಲ ಹೆಜ್ಜೆ: ಯಾವ ನೆರೈನ್ ಅಂತ ಕೇಳಿ

ಕುಂಡಕ್ಕೆ ಹೆಚ್ಚಾಗಿ ಸಿಗುವುದು ಬೌಡೆನಿ, ಸಾರ್ನಿಯೆನ್ಸಿಸ್ ಎಂಬ ಎರಡು ಜಾತಿ, ಮತ್ತೆ ಅವುಗಳ ತಳಿಗಳು. ಎರಡರ ತವರೂ ದಕ್ಷಿಣ ಆಫ್ರಿಕಾ. ಆದರೆ ಮಳೆಯ ಕಾಲ ಬೇರೆ ಬೇರೆ. ಬೌಡೆನಿ ಪೂರ್ವ ಕೇಪ್ ಮತ್ತು ಡ್ರಾಕೆನ್ಸ್‌ಬರ್ಗ್ ಬೆಟ್ಟಗಳ ಕಡೆಯದು. ಅಲ್ಲಿ ಬೇಸಿಗೆಯಲ್ಲಿ ಮಳೆ, ಚಳಿಗಾಲ ಒಣ. ಸಾರ್ನಿಯೆನ್ಸಿಸ್ ಕೇಪ್‌ಟೌನಿನ ಟೇಬಲ್ ಮೌಂಟನ್ ಕಡೆಯದು. ಅಲ್ಲಿ ಚಳಿಗಾಲದಲ್ಲಿ ಮಳೆ, ಬೇಸಿಗೆ ಒಣ. ಇದನ್ನು ಗರ್ನ್ಸಿ ಲಿಲಿ ಅಂತಲೂ ಮಾರುತ್ತಾರೆ. ಗರ್ನ್ಸಿ ದ್ವೀಪದ್ದೂ ಅಲ್ಲ, ಲಿಲಿಯೂ ಅಲ್ಲ, ಆದರೆ ಹೆಸರು ಅಂಟಿಕೊಂಡುಬಿಟ್ಟಿದೆ.

ತವರಿನ ಮಳೆಯ ಲೆಕ್ಕವನ್ನು ಗೆಡ್ಡೆ ಎಲ್ಲಿಗೆ ಹೋದರೂ ಮರೆಯುವುದಿಲ್ಲ. ಬೌಡೆನಿ ಚಳಿಗಾಲದಲ್ಲಿ ಮಲಗುತ್ತದೆ, ಸಾರ್ನಿಯೆನ್ಸಿಸ್ ಬೇಸಿಗೆಯಲ್ಲಿ. ಒಂದಕ್ಕೆ ಹಾಕುವ ನೀರು ಇನ್ನೊಂದನ್ನು ಕೊಳೆಸುತ್ತದೆ. ಹಾಗಾಗಿ ಜಾತಿಯ ಹೆಸರಿಲ್ಲದೆ "ಮಿಶ್ರ ಬಣ್ಣ" ಅಂತ ಚೀಟಿ ಅಂಟಿಸಿದ ಪೊಟ್ಟಣ ಎಷ್ಟೇ ಅಗ್ಗವಿದ್ದರೂ ಬೇಡ. ಮೊದಲ ಸಲ ಬೆಳೆಸುವವರು ಬೌಡೆನಿಯಿಂದಲೇ ಶುರು ಮಾಡಿ. ಬಣ್ಣ ಹೆಚ್ಚಾಗಿ ಗುಲಾಬಿಯೇ, ನಿಜ. ಆದರೆ ತಪ್ಪುಗಳನ್ನು ತಾಳಿಕೊಳ್ಳುತ್ತದೆ. ಬಿಸಿಲಿಗೆ ಎಸಳ ಮೇಲೆ ಹೊನ್ನಿನ ಪುಡಿ ಉದುರಿಸಿದ ಹಾಗೆ ಮಿನುಗುವ ಸಾರ್ನಿಯೆನ್ಸಿಸ್‌ನ ಕೆಂಪು ತಳಿಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಎರಡನೇ ಹೆಜ್ಜೆ: ಕುಂಡ, ಮಣ್ಣು

ಮೂರು ಗೆಡ್ಡೆಗೆ 13 ಸೆಂ.ಮೀ. ಬಾಯಿಯ ಕುಂಡ ಸಾಕು. ಚಿಕ್ಕದಾಯಿತು ಅನಿಸಬೇಕು, ಆಗಲೇ ಸರಿ. ಮಣ್ಣಿನ ಕುಂಡವೇ ಇರಲಿ, ಬೇಗ ಒಣಗುತ್ತದೆ. ಅರ್ಧ ಸಾಧಾರಣ ತೋಟದ ಮಣ್ಣು, ಅರ್ಧ ದಪ್ಪ ಮರಳು ಅಥವಾ ಸಣ್ಣ ಜಲ್ಲಿ. ನೀರು ಹಾಕಿದ ಕೂಡಲೇ ಕೆಳಗಿಂದ ಇಳಿದು ಹೋಗಬೇಕು.

ತಾನೇ ನೀರು ಹೀರಿಕೊಳ್ಳುವ ಕುಂಡ, ತೇವ ಹಿಡಿದಿಡುವ ಜೆಲ್ ಹರಳು, ಬರೀ ಕೋಕೋಪೀಟ್ ತುಂಬಿದ ಚೀಲ, ಇವು ಬೇರೆ ಗಿಡಗಳಿಗೆ ಉಪಯೋಗಕ್ಕೆ ಬರಬಹುದು. ಒಣಗುವುದೇ ಮುಖ್ಯವಾದ ಗಿಡಕ್ಕೆ ಇವನ್ನೆಲ್ಲ ಸುಮ್ನೆ ಯಾಕೆ ತರಬೇಕು?

ಮೂರನೇ ಹೆಜ್ಜೆ: ನೆಡುವುದು

ಹೆಚ್ಚಿನವರು ಎಡವುವುದು ಇಲ್ಲೇ. ಟುಲಿಪ್, ಡ್ಯಾಫೊಡಿಲ್ ನೆಟ್ಟು ಅಭ್ಯಾಸವಿದ್ದವರ ಕೈಯಂತೂ ತಾನಾಗೇ ಆಳಕ್ಕೆ ಅಗೆಯುತ್ತದೆ. ನೆರೈನ್‌ಗೆ ಆಳ ಬೇಡ. ಗೆಡ್ಡೆಯ ಮೇಲ್ಭಾಗ ಕಿರಿದಾಗಿ ಕತ್ತಿನಂತಾಗುತ್ತದೆ. ಆ ಕತ್ತು ಪೂರ್ತಿ ಹೊರಗಿರಬೇಕು, ಅದರ ಕೆಳಗಿನ ಹೆಗಲೂ ಕಾಣಬೇಕು.

ಹೀಗೆ ಮಾಡಿ. ಕುಂಡದ ಮುಕ್ಕಾಲು ಭಾಗ ಮಣ್ಣು ತುಂಬಿಸಿ. ಗೆಡ್ಡೆಯ ತಳದಲ್ಲಿ ಜೀವವಿರುವ ಬೇರಿದ್ದರೆ ಬಿಳಿಯಾಗಿ, ತುಸು ದಪ್ಪಗಿರುತ್ತವೆ. ಅವನ್ನು ಕತ್ತರಿಸಬೇಡಿ, ಮಡಚಿ ತುರುಕಲೂ ಬೇಡಿ. ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಗೆಡ್ಡೆಗಳನ್ನು ಅದರ ಮೇಲೆ ಕೂರಿಸಿ, ಬೇರನ್ನು ಸುತ್ತಲೂ ಇಳಿಬಿಡಿ. ಗೆಡ್ಡೆಗಳ ನಡುವೆ ಒಂದು ಬೆರಳು ಹೋಗುವಷ್ಟು ಜಾಗ ಸಾಕು. ಆಮೇಲೆ ಗೆಡ್ಡೆಯ ಅರ್ಧದವರೆಗೆ ಮಣ್ಣು ಹಾಕಿ ಬೆರಳಿಂದ ಒತ್ತಿ. ಅಲುಗಾಡಬಾರದು, ಆದರೆ ಮುಚ್ಚಿಯೂ ಹೋಗಬಾರದು. ಒಂದು ಸಲ ನೀರು ಹಾಕಿದಾಗ ಮಣ್ಣು ಇಳಿಯುತ್ತದೆ, ಗೆಡ್ಡೆ ಇನ್ನಷ್ಟು ಹೊರಗೆ ಕಾಣುತ್ತದೆ. ಗಾಬರಿಯಾಗಿ ಮತ್ತೆ ಮಣ್ಣು ಸುರಿಯಬೇಡಿ. ಆ ಕತ್ತಿಗೆ ಬಿಸಿಲು ತಾಗಬೇಕು.

ಮನೆಯಲ್ಲಿ ಮಕ್ಕಳು, ನಾಯಿ ಇದ್ದರೆ ಒಂದು ಮಾತು. ನೆರೈನ್ ಗೆಡ್ಡೆಯಲ್ಲಿ ಲೈಕೋರಿನ್ ಎಂಬ ವಿಷವಿದೆ. ನೋಡಲು ಈರುಳ್ಳಿಯ ಹಾಗೇ ಇರುವುದರಿಂದ ಅಡುಗೆಮನೆಯ ಹತ್ತಿರ ಇಡಲೇಬೇಡಿ.

ನಾಲ್ಕನೇ ಹೆಜ್ಜೆ: ನೀರು ಯಾವಾಗ, ಯಾವಾಗ ಬೇಡ

ಬೌಡೆನಿಯ ಲೆಕ್ಕ ಸುಲಭ. ವಸಂತದಲ್ಲಿ ಎಲೆ ಇಣುಕಿದಾಗ ನೀರು ಶುರು ಮಾಡಿ, ಬೇಸಿಗೆಯುದ್ದಕ್ಕೂ ಕೊಡಿ. ಬೇಸಿಗೆ ಮುಗಿಯುವಾಗ ಎಲೆ ಹಳದಿಯಾಗುತ್ತದೆ. ರೋಗ ಅಂದುಕೊಂಡು ಗೊಬ್ಬರ ಸುರಿಯುವವರಿದ್ದಾರೆ. ಅದು ರೋಗವಲ್ಲ, ಹೂವಿಗೆ ಮುಂಚಿನ ತಯಾರಿ. ಹೂ ಮುಗಿಯುವವರೆಗೆ ಹಿತಮಿತವಾಗಿ ನೀರು, ಆಮೇಲೆ ಚಳಿಗಾಲವಿಡೀ ಹೆಚ್ಚುಕಮ್ಮಿ ಒಣ. ನೆಲದಲ್ಲಿ ಹಿಮ ತಡೆಯುವ ಗೆಡ್ಡೆಯೇ ಕುಂಡದಲ್ಲಿದ್ದರೆ ಬೇರು ಹೆಪ್ಪುಗಟ್ಟಿ ಸಾಯಬಹುದು. ಹಾಗಾಗಿ ಹಿಮ ಬೀಳುವ ಕಡೆ ಕುಂಡವನ್ನು ಒಳಗಿಡಿ.

ತಾಳ್ಮೆ ಬೇಕಾಗುವುದು ಸಾರ್ನಿಯೆನ್ಸಿಸ್‌ಗೆ. ಇದಕ್ಕೆ ಹಿಮ ಆಗುವುದೇ ಇಲ್ಲ. ಎಲೆ ಬಾಡುವ ಮೇ ಕೊನೆಯಿಂದ ಆಗಸ್ಟ್‌ವರೆಗೆ ಕುಂಡವನ್ನು ಮಳೆ ತಾಗದ, ಬೆಳಕಿರುವ ಬೆಚ್ಚಗಿನ ಜಾಗದಲ್ಲಿ ಇಟ್ಟು ಮರೆತುಬಿಡಿ. ಬೋಳು ಗೆಡ್ಡೆ ನೋಡಿ ಕನಿಕರ ಹುಟ್ಟುತ್ತದೆ, ಒಂದು ಲೋಟ ನೀರು ಹಾಕೋಣ ಅನಿಸುತ್ತದೆ. ಹಾಕಬೇಡಿ.

ಆಗಸ್ಟ್ ಕೊನೆಗೆ ಕತ್ತಿನ ಬಾಯನ್ನು ಹತ್ತಿರದಿಂದ ನೋಡಿ. ಒಣಗಿದ ಸಿಪ್ಪೆಗಳ ನಡುವೆ ಸಣ್ಣ ಸೀಳು ಬಿಟ್ಟು, ಒಂದು ತುದಿ ಕಾಣುತ್ತದೆ. ಮೊಗ್ಗಾದರೆ ಚೂಪಾಗಿ, ಕೆಂಪು ಛಾಯೆಯಿಂದ ಇರುತ್ತದೆ. ಎಲೆಯಾದರೆ ಮೊಂಡಾಗಿ, ಹಸಿರಾಗಿ ಇರುತ್ತದೆ. ಮೊಗ್ಗು ಕಂಡ ದಿನವೇ ಚೆನ್ನಾಗಿ ನೀರು ಹಾಕಿ. ಕುಂಡದ ಮಣ್ಣೆಲ್ಲ ನೆನೆಯಲಿ. ಆಮೇಲೆ ಮೇಲ್ಮಣ್ಣು ಒಣಗಿದ ಮೇಲಷ್ಟೇ ಮತ್ತೆ ನೀರು. ಮೊಗ್ಗು ಬರುವ ಮುಂಚೆಯೇ ಅವಸರಪಟ್ಟರೆ ಎಲೆ ಎದ್ದು, ಹೂ ಒಳಗೇ ಉಳಿಯುವ ಸಂಭವ ಜಾಸ್ತಿ. ಸೆಪ್ಟೆಂಬರ್ ಅರ್ಧ ಕಳೆದರೂ ಮೊಗ್ಗಿಲ್ಲವಾದರೆ ಆ ವರ್ಷ ಹೂ ಬರುವುದು ಅನುಮಾನ. ಎಲೆಗಾದರೂ ನೀರು ಹಾಕಿ. ಬಸವನಹುಳುವಿಗೂ ಈ ಎಳೆ ಮೊಗ್ಗು ಇಷ್ಟ, ರಾತ್ರಿ ಟಾರ್ಚ್ ಹಿಡಿದು ನೋಡಿ.

ಇಷ್ಟೆಲ್ಲ ಯಾಕೆ ಅಂತೀರಾ? ಗೆಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಿದರೆ ಈ ವರ್ಷದ ಹೂವಿನ ಜೊತೆಗೆ ಮುಂದಿನ ವರ್ಷದ ಮೊಗ್ಗೂ ಪುಟ್ಟದಾಗಿ ಒಳಗಿರುತ್ತದೆ. ಈಗ ಕೆಡಿಸಿದರೆ ನಷ್ಟ ಕಾಣುವುದು ಆಮೇಲೆ. ಆಗ ಕಾರಣ ಯಾರಿಗೂ ಹೊಳೆಯುವುದಿಲ್ಲ ಅಲ್ವಾ?

ಗೊಬ್ಬರ, ಹುಳು, ಕುಂಡ ಬದಲು

ಎಲೆ ಹಸಿರಾಗಿದ್ದಾಗ ಮಾತ್ರ, ಎರಡು ಮೂರು ವಾರಕ್ಕೊಮ್ಮೆ, ಟೊಮೆಟೊಗೆ ಕೊಡುವ ಪೊಟ್ಯಾಷ್ ಜಾಸ್ತಿ ಇರುವ ದ್ರವ ಗೊಬ್ಬರವನ್ನು ಅರ್ಧ ಪ್ರಮಾಣದಲ್ಲಿ ಕೊಡಿ. ಯೂರಿಯಾ, ಸಗಣಿ ಗೊಬ್ಬರ ಬೇಡ. ಸಾರಜನಕ ಹೆಚ್ಚಾದರೆ ಎಲೆಯೇ ಬೆಳೆಯುತ್ತದೆ. ಹೂ ಬಾಡಿದ ಮೇಲೆ ಎಲೆಗಳನ್ನು ಗಂಟು ಹಾಕಿ "ನೀಟ್" ಮಾಡುವ ಚಾಳಿಯನ್ನೂ ಬಿಡಿ. ಮುಂದಿನ ಹೂವಿಗೆ ಅನ್ನ ಬೇಯಿಸುವುದು ಅವೇ.

ಕತ್ತಿನ ಸಿಪ್ಪೆ ಸಂದಿಯಲ್ಲಿ ಹಿಟ್ಟು ತಿಗಣೆ ಅಡಗುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ.

ಕುಂಡ ಬದಲಿಸುವುದು ನಾಲ್ಕೈದು ವರ್ಷಕ್ಕೊಮ್ಮೆ, ಗೆಡ್ಡೆಗಳು ಒಂದಕ್ಕೊಂದು ಒತ್ತಿ ಅಂಚಿಗೆ ಬಂದಾಗ. ಅದೂ ನಿದ್ದೆ ಮುಗಿಯುವ ಹೊತ್ತಿಗೆ. ಹೂ ಬರಲಿಲ್ಲ ಅಂತ ಪ್ರತಿ ವರ್ಷ ಕಿತ್ತು ಹೊಸ ಕುಂಡಕ್ಕೆ ಹಾಕುವವರಿಗೆ ಹೂ ಬರುವುದೇ ಇಲ್ಲ. ಕಿತ್ತಾಗ ಬೇರು ಮುರಿಯುತ್ತದೆ, ಮತ್ತೆ ಚೇತರಿಸಿಕೊಳ್ಳಲು ಗೆಡ್ಡೆ ಒಂದು ವರ್ಷ ಹೂ ಬಿಡದೆಯೂ ಕೂರಬಹುದು.

ಬೀಜದಿಂದಲೂ ಬೆಳೆಸಬಹುದು, ಹೂವಿಗೆ ಮೂರರಿಂದ ಐದು ವರ್ಷ ಕಾಯುವವರಿಗೆ. ಬೀಜ ಹಸಿರಾಗಿ, ರಸಭರಿತವಾಗಿರುತ್ತದೆ. ಕೆಲವೊಮ್ಮೆ ಗಿಡದ ಮೇಲೇ ಮೊಳಕೆ ಒಡೆಯುವುದೂ ಉಂಟು. ಉದುರಿದ ತಕ್ಷಣ ಮರಳು ಮಿಶ್ರಿತ ಮಣ್ಣಿನ ಮೇಲೆ ಇಟ್ಟು ಮೆಲ್ಲಗೆ ಒತ್ತಿ, ಮುಚ್ಚಬೇಡಿ. ಒಣಗಿದರೆ ಸತ್ತ ಹಾಗೆಯೇ. ಆದ್ದರಿಂದ ಪೊಟ್ಟಣದಲ್ಲಿ ಒಣಗಿಸಿ ಮಾರುವ ನೆರೈನ್ ಬೀಜ ಕಂಡರೆ ದುಡ್ಡು ಕೊಡಬೇಡಿ.