19 ವರ್ಷದ ಮಲ್ಲಿ, 82 ಕೆಜಿಯ ನಾನು

ಸೋಮವಾರ ಬೆಳಗ್ಗೆ ನನ್ನ ಕುದುರೆ ಮಲ್ಲಿಯ ಮೈ ಉಜ್ಜುತ್ತಿದ್ದೆ. ಕತ್ತು, ಭುಜ, ಪಕ್ಕೆ ಎಲ್ಲಾ ಸರಿ. ಬ್ರಷ್ಷು ಸೊಂಟದ ಹತ್ತಿರ ಬಂದಿದ್ದೇ ತಡ, ಬೆನ್ನನ್ನು ಕೆಳಕ್ಕೆ ಎಳೆದುಕೊಂಡು ಕಿವಿ ಹಿಂದಕ್ಕೆ ಮಾಡಿದಳು. ನೊಣ ಕಚ್ಚಿರಬೇಕು ಅಂದುಕೊಂಡೆ. ಇನ್ನೊಂದು ಸಲ ಬ್ರಷ್ಷು ತಾಗಿಸಿದೆ. ಮತ್ತೆ ಅದೇ. ಮೂರನೇ ಸಲ ತಿರುಗಿ ನನ್ನ ತೋಳಿನ ಹತ್ತಿರ ಹಲ್ಲು ತಂದಳು. ನಾಲ್ಕು ವರ್ಷದಲ್ಲಿ ಒಂದು ದಿನವೂ ಹಾಗೆ ಮಾಡಿದವಳಲ್ಲ.

ಹಿಂದಿನ ದಿನ ನಾನೂ ಅವಳೂ ದೇವರಾಯನದುರ್ಗದ ಬುಡದವರೆಗೆ ಹೋಗಿ ಬಂದಿದ್ದೆವು. ಅಲ್ಲಲ್ಲಿ ಏರು, ಸ್ವಲ್ಪ ದೂರ ಟ್ರಾಟ್, ಅಂದರೆ ಕುಲುಕು ಓಟ. ದಾರಿಯಲ್ಲಿ ಎಡವಲಿಲ್ಲ, ಹಠ ಮಾಡಲಿಲ್ಲ. ಮನೆಗೆ ಬಂದು ಹುರುಳಿ ತಿಂದಳು, ನೀರು ಕುಡಿದಳು. ಚೆನ್ನಾಗಿ ಹೊತ್ತಳು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಅವಳ ಉತ್ತರ ಬಂದಿದ್ದು ಮಾರನೇ ದಿನ.

ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ತೆಂಗಿನ ತೋಟ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ಕುಣಿಗಲ್, ಹಾಗಾಗಿ ಈ ಕಡೆಯವರಿಗೆ ಕುದುರೆ ಅಂದರೆ ಹೊಸದೇನಲ್ಲ. ಆದರೂ ಮನೆಯಲ್ಲಿ ಕಟ್ಟಿಕೊಂಡವರು ಕಡಿಮೆ. ಮಲ್ಲಿ ಹಿಂದೆ ರೇಸಿನಲ್ಲಿ ಓಡಿದವಳು. ಆಮೇಲೆ ಒಂದು ರೈಡಿಂಗ್ ಲಾಯದಲ್ಲಿ ಮಕ್ಕಳನ್ನು ಹೊತ್ತವಳು. ಕೊಳ್ಳುವಾಗ 12 ವರ್ಷ ಅಂದಿದ್ದರು. ನಾನೂ ನಂಬಿದೆ, ಅಂದರೆ ಈಗ 16 ಆಗಬೇಕಿತ್ತು.

ಆ ಸೋಮವಾರ ಪಶುವೈದ್ಯರನ್ನು ಕರೆಸಿದೆ. ಅವರು ಮೊದಲು ಬಾಯಿ ತೆರೆಸಿದರು. ಮೇಲಿನ ಸಾಲಿನ ಮುಂಭಾಗದಲ್ಲಿ ಕೊನೆಯ ಬಾಚಿಹಲ್ಲಿನ ಮೇಲೆ ಉದ್ದಕ್ಕೆ ಒಂದು ಕಂದು ಗೀರು ಇರುತ್ತೆ. ಸುಮಾರು 10 ವರ್ಷಕ್ಕೆ ಒಸಡಿನ ಹತ್ತಿರ ಕಾಣಿಸಿಕೊಂಡು, 15ರ ಹೊತ್ತಿಗೆ ಹಲ್ಲಿನ ಅರ್ಧಕ್ಕೆ ಇಳಿದು, 20ಕ್ಕೆ ತುದಿ ಮುಟ್ಟುತ್ತೆ. ಮಲ್ಲಿಯ ಗೀರು ತುದಿಗೆ ಬೆರಳ ಉಗುರಿನಷ್ಟು ಮಾತ್ರ ಬಾಕಿ ಇತ್ತು. "ಹಲ್ಲಿನ ಲೆಕ್ಕ ಪಂಚಾಂಗದ ಹಾಗಲ್ಲ, ಒಂದೆರಡು ವರ್ಷ ಆಚೆ ಈಚೆ. ಆದ್ರೆ 16 ಅಂತೂ ಅಲ್ಲ, 19 ಅಂದ್ಕೊಳ್ಳಿ" ಅಂದರು. ಮಾರಿದವರ ಜೊತೆ ಈಗ ಜಗಳ ಆಡಿ ಏನು ಉಪಯೋಗ. ಕೊಳ್ಳುವ ಮುಂಚೆ ಬಾಯಿ ನೋಡಿಸದೇ ಇದ್ದದ್ದು ನನ್ನ ತಪ್ಪೇ.

ತೂಕದ ಬಗ್ಗೆ ಆಗ ಗಂಭೀರವಾಗಿ ಯೋಚಿಸಿದೆ. ಕುದುರೆ ತನ್ನ ತೂಕದ ಶೇಕಡಾ 20ರಷ್ಟು ಹೊರಬಹುದು ಅನ್ನೋದು ಎಲ್ಲರ ಬಾಯಲ್ಲಿರುವ ಮಾತು. ಅಮೆರಿಕದ ಅಶ್ವದಳದವರು 100 ವರ್ಷದ ಹಿಂದೆಯೇ ಅದನ್ನು ಹೇಳಿದ್ದರು. 2008ರಲ್ಲಿ ಅಲ್ಲಿನ ಓಹಿಯೋದಲ್ಲಿ ಎಂಟು ಕುದುರೆಗಳ ಮೇಲೆ ಇದನ್ನು ಪರೀಕ್ಷೆ ಮಾಡಿದರು. ಶೇಕಡಾ 15, 20, 25, 30 ಹೀಗೆ ಭಾರ ಹೊರಿಸಿ 45 ನಿಮಿಷ ಕೆಲಸ ಮಾಡಿಸಿದರು. 25 ಮುಟ್ಟಿದ ಮೇಲೆ ಎದೆಬಡಿತ ಏರಿತು. ಬೆನ್ನಿನ ನೋವು, ಬಿಗಿತ ಎದ್ದು ಕಂಡಿದ್ದು ಭಾರ ಜಾಸ್ತಿಯಾದಾಗಲೇ. ಸೊಂಟ ಅಗಲ ಇದ್ದ, ಮುಂಗಾಲ ಮೂಳೆ ದಪ್ಪ ಇದ್ದ ಕುದುರೆಗಳಿಗೆ ನೋವು ಕಡಿಮೆ. ಆದರೆ ಅದು ವಯಸ್ಸಾದ ಕುದುರೆಗಳಿಗೆಂದೇ ಮಾಡಿದ ಪರೀಕ್ಷೆಯಲ್ಲ.

ಸರಿ, ಮಲ್ಲಿಯ ತೂಕ ಎಷ್ಟು? ಟೈಲರ್ ಟೇಪು ತಂದು ಅಳೆದೆ. ಮುಂಗಾಲ ಹಿಂದೆ ಎದೆಯ ಸುತ್ತ 178 ಸೆಂಟಿಮೀಟರ್. ಭುಜದ ಮುಂದಿನ ಮೂಳೆಯಿಂದ ಹಿಂಭಾಗದ ಮೂಳೆ ತುದಿಯವರೆಗೆ ಉದ್ದ 160. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆಜಿ ಲೆಕ್ಕ ಸಿಗುತ್ತೆ. 427 ಬಂತು. ನನಗೆ ನಂಬಿಕೆ ಬರಲಿಲ್ಲ. ಅಂತರಸನಹಳ್ಳಿ ಕಡೆ ಲಾರಿ ತೂಗುವ ವೇಬ್ರಿಡ್ಜ್‌ಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಹುಡುಗ "ಏನ್ ಸಾರ್, ಲಾರಿ ಎಲ್ಲಿ?" ಅಂದ. ಕಬ್ಬಿಣದ ಹಲಗೆ ಟಣ್ ಅಂತ ಸದ್ದು ಮಾಡಿದ್ದಕ್ಕೆ ಮಲ್ಲಿ ಹೆಜ್ಜೆ ಇಡಲ್ಲ ಅಂತ ನಿಂತುಬಿಟ್ಟಳು. ಎರಡು ಅಚ್ಚು ಬೆಲ್ಲ ಖರ್ಚಾಯಿತು. ನಾನೂ ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿದ್ದೆ. ಹುಡುಗ ಕಿಟಕಿಯಿಂದ "510" ಅಂದ. ಆಮೇಲೆ ನಾನು ಕೆಳಗಿಳಿದು ಹಗ್ಗ ಉದ್ದ ಬಿಟ್ಟೆ. "430" ಅಂದ. ಆ ಯಂತ್ರ ಹತ್ತತ್ತು ಕೆಜಿ ಲೆಕ್ಕದಲ್ಲೇ ತೋರಿಸೋದು. ಟೇಪಿನ ಲೆಕ್ಕ ಸರಿ ಅಂತ ಗೊತ್ತಾಯಿತು. ಜೊತೆಗೆ ಲಾರಿ ತೂಗುವ ಯಂತ್ರಕ್ಕೂ ನಾನು ಎದ್ದು ಕಾಣುತ್ತೇನೆ ಅನ್ನೋದೂ ಗೊತ್ತಾಯಿತು.

430ಕ್ಕೆ ಶೇಕಡಾ 20 ಅಂದರೆ 86. ನಾನು 82. ಆರಾಮ ಅಲ್ವಾ? ಅಲ್ಲ. ಆ 86ರಲ್ಲಿ ಜೀನೂ ಸೇರುತ್ತೆ. ನನ್ನ ಜೀನು 7 ಕೆಜಿ, ಕೆಳಗಿನ ಕಂಬಳಿ ಒಂದೂವರೆ, ಶೂ, ಹೆಲ್ಮೆಟ್, ನೀರಿನ ಬಾಟಲಿ ಎಲ್ಲಾ ಸೇರಿ ಇನ್ನೆರಡೂವರೆ. ಒಟ್ಟು 93. ಶೇಕಡಾ 21ಕ್ಕೂ ಜಾಸ್ತಿ. ಇಷ್ಟು ದಿನ ಒಬ್ಬ ದಪ್ಪ ಮನುಷ್ಯ ಜೀನಿನ ಭಾರವನ್ನು ಲೆಕ್ಕಕ್ಕೇ ಹಿಡಿಯದೆ 19 ವರ್ಷದ ಕುದುರೆ ಹತ್ತುತ್ತಿದ್ದ.

"ರೇಸಲ್ಲಿ ಓಡಿರೋ ಕುದುರೆ, ನಿಮ್ಮನ್ನ ಹೊರಲ್ವಾ?" ಅಂತ ಈಗಲೂ ಕೇಳುತ್ತಾರೆ. ರೇಸಿನಲ್ಲಿ ಜಾಕಿಯ ಭಾರ ಹೆಚ್ಚು ಕಡಿಮೆ 50ರಿಂದ 60 ಕೆಜಿ. ಅದೂ ಒಂದೆರಡು ನಿಮಿಷ. ಜಾಕಿ ಕಾಲಿಡುವ ರಿಕಾಬಿನ ಮೇಲೆ ನಿಂತಿರುತ್ತಾನೆ, ಜೀನಿನ ಮೇಲೆ ಕೂತಿರುವುದಿಲ್ಲ. ನಾನು ಅಕ್ಕಿ ಮೂಟೆ ಹಾಗೆ ಗಂಟೆಗಟ್ಟಲೆ ಕೂತಿದ್ದೆ.

ಇಲ್ಲಿ ಒಂದು ಮೋಸ ಇದೆ, ಅದನ್ನು ಹೇಳಲೇಬೇಕು. ಮಳೆಗಾಲ ಮುಗಿದು ಹಸಿರು ಹುಲ್ಲು ಸಿಕ್ಕಾಗ ಮಲ್ಲಿ ಮೈ ತುಂಬಿಕೊಂಡಳು. ಟೇಪು 455 ಅಂತ ತೋರಿಸಿತು. ಶೇಕಡಾವಾರು ಲೆಕ್ಕದಲ್ಲಿ ಅವಳು ಇನ್ನೂ 5 ಕೆಜಿ ಜಾಸ್ತಿ ಹೊರಬೇಕು! ಹೊಟ್ಟೆ ಬೆಳೆದರೆ ಬೆನ್ನಿಗೆ ಶಕ್ತಿ ಬರುವ ಹಾಗಿದ್ದರೆ ನಾನೇ ಇಬ್ಬರನ್ನು ಹೊತ್ತು ತಿರುಗಬಹುದಿತ್ತು. ಆ ಬೊಜ್ಜು ಕೂಡ ಅವಳ ಕೀಲುಗಳು ಹೊರಬೇಕಾದ ಭಾರವೇ. ಹಾಗಾಗಿ ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಗೆ ಸಿಗುವ ಸ್ಥಿತಿಯಲ್ಲಿದ್ದಾಗಿನ ತೂಕವನ್ನೇ, ಅಂದರೆ 430 ಅನ್ನೇ, ನಾನು ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ.

ಬೆನ್ನಿನ ಸ್ಥಿತಿ ನೋಡಲು ಟೇಪು ಬೇಡ, ಒಂದು ಸ್ಟೂಲು ಸಾಕು. ಕುದುರೆಯ ಹಿಂದೆ ಒದೆ ತಾಗದಷ್ಟು ದೂರದಲ್ಲಿ ಸ್ಟೂಲಿನ ಮೇಲೆ ನಿಂತು ಬೆನ್ನನ್ನು ಉದ್ದಕ್ಕೆ ನೋಡಬೇಕು. ಒಳ್ಳೆ ಬೆನ್ನಿನಲ್ಲಿ ಬೆನ್ನುಮೂಳೆಯ ಎರಡೂ ಕಡೆ ಮಾಂಸ ತುಂಬಿ, ನಡುವಿನ ಗೆರೆ ಸುಮ್ನೆ ಒಂದು ಸಾಲಿನ ಹಾಗೆ ಕಾಣುತ್ತೆ. ಮಲ್ಲಿಯದು ನಾಡಹೆಂಚಿನ ಮನೆಯ ಮಾಡಿನ ಹಾಗೆ ಇತ್ತು. ಮಧ್ಯದಲ್ಲಿ ಮೂಳೆ ಎದ್ದು, ಎರಡೂ ಕಡೆ ಇಳಿಜಾರು. ಪಕ್ಕದಿಂದ ನೋಡಿದರೆ ಬೆನ್ನು ಸ್ವಲ್ಪ ಕುಸಿದಿತ್ತು. ದಿನಾ ನೋಡುವವರಿಗೆ ಇದು ಕಾಣುವುದಿಲ್ಲ. ನಾಲ್ಕು ವರ್ಷದ ಹಿಂದಿನ ಫೋಟೋ ಪಕ್ಕದಲ್ಲಿ ಇಟ್ಟುಕೊಂಡಾಗಲೇ ನನಗೆ ಗಾಬರಿಯಾಗಿದ್ದು.

ಬೆನ್ನು ಕುಸಿದರೆ ಜೀನು ಕೂರುವ ರೀತಿಯೇ ಬದಲಾಗುತ್ತೆ. ಮುಂದೆ ಹೆಗಲ ಮೇಲೆ, ಹಿಂದೆ ಸೊಂಟದ ಮೇಲೆ ಮಾತ್ರ ತಾಗಿ, ನಡುವೆ ಸೇತುವೆಯ ಹಾಗೆ ಖಾಲಿ ಉಳಿಯುತ್ತೆ. ಭಾರವೆಲ್ಲಾ ನಾಲ್ಕು ಜಾಗಕ್ಕೆ ಬೀಳುತ್ತೆ. ಇದನ್ನು ಬೆವರೇ ಹೇಳುತ್ತೆ. ಜೀನು ತೆಗೆದ ತಕ್ಷಣ ನೋಡಿ. ಸುತ್ತ ಒದ್ದೆಯಾಗಿ, ಅಂಗೈ ಅಗಲ ಮಾತ್ರ ಒಣಗಿದ್ದರೆ ಅಲ್ಲಿ ಒಂದೋ ವಿಪರೀತ ಒತ್ತಿದೆ, ಇಲ್ಲಾ ಏನೂ ತಾಗಿಲ್ಲ. ಕೂದಲು ಉಜ್ಜಿಹೋಗಿದ್ದು, ಕೈಯಿಟ್ಟರೆ ಅವಳು ಹಿಂಜರಿದರೆ ಒತ್ತಿದೆ ಅಂತಲೇ ಅರ್ಥ. ಮಲ್ಲಿಗೆ ಹೆಗಲ ಹಿಂದೆ ಎರಡು ಕಡೆ ಹಾಗೆ ಒಣ ಮಚ್ಚೆ. ಈ ಮಚ್ಚೆಯನ್ನು ಎಷ್ಟು ದಿನದಿಂದ ನೋಡುತ್ತಿದ್ದೆನೋ, ಒರೆಸಿ ಸುಮ್ಮನಾಗುತ್ತಿದ್ದೆ.

ಕಾಲಿನ ಸುಳಿವು ಕೊಟ್ಟಿದ್ದು ಲಾಳ ಹೊಡೆಯುವ ತಾತ. "ಹಿಂದ್ಗಡೆ ಬಲಗಾಲು ಕೊಡ್ತಿಲ್ಲ ಸಾರ್. ಎತ್ತಿದ್ರೆ ಕಿತ್ಕೊಳ್ತಾಳೆ. ಹೋದ್ ವರ್ಷ ಹೀಗಿರ್ಲಿಲ್ಲ" ಅಂದರು. ಡಾಕ್ಟರು ಆ ಕಾಲನ್ನು ಒಂದು ನಿಮಿಷ ಮಡಿಸಿ ಹಿಡಿದು, ಬಿಟ್ಟ ತಕ್ಷಣ ಟ್ರಾಟ್ ಮಾಡಿಸಿದರು. ಮೊದಲ ಏಳೆಂಟು ಹೆಜ್ಜೆ ಕುಂಟಿದಳು. ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿಕೊಂಡಿರುವ ಕೀಲಿನಲ್ಲಿ ಸಂಧಿವಾತ. ವಾಸಿಯಾಗುವ ಕಾಯಿಲೆ ಅಲ್ಲ, ಸಂಭಾಳಿಸಬಹುದು ಅಂದರು. ನೋವಿನ ಔಷಧಿ ಬರೆದುಕೊಟ್ಟರು, ಜೊತೆಗೆ ಒಂದು ಮಾತು: "ಇದನ್ನ ಕೊಟ್ಟ ದಿನ ಚೆನ್ನಾಗಿ ನಡೀತಾಳೆ. ಆ ನಡಿಗೆ ನೋಡಿ ಭಾರ ಹೊರಿಸ್ಬೇಡಿ."

ಮೂರು ವಾರ ಯಾರೂ ಹತ್ತಲಿಲ್ಲ. ಹಗ್ಗ ಹಿಡಿದು ಕೆರೆ ಏರಿ ಮೇಲೆ ನಡೆಸಿದೆ. ಹಲ್ಲಿಗೆ ಅರ ಹಾಕಿಸಿದೆ. ಹುರುಳಿಯನ್ನು ಚೆನ್ನಾಗಿ ಬೇಯಿಸಿ, ಕುದುರೆ ಮಸಾಲೆ ಅನ್ನೋ ಮೇವಿನ ಸೊಪ್ಪು ಸೇರಿಸಿದೆ. ಜೀನಿನ ಕೆಳಗೆ ಖಾಲಿ ಜಾಗ ತುಂಬುವ ಹಾಗೆ ಫೆಲ್ಟ್ ಹೊಲಿಸಿದೆ.

ಆಮೇಲೆ ಪರೀಕ್ಷೆ ಶುರು. ಮೊದಲು ಮಗಳು. 46 ಕೆಜಿ, ಸಾಮಾನು ಸೇರಿ 56, ಅಂದರೆ ಶೇಕಡಾ 13. ಸಮತಟ್ಟಾದ ಏರಿಯ ಮೇಲೆ 20 ನಿಮಿಷ, ಬರೀ ನಡಿಗೆ. ಮಲ್ಲಿಯ ಎಡ ಮುಂಗಾಲ ಮೊಣಕೈ ಹಿಂದೆ ಸ್ಟೆತಸ್ಕೋಪು ಇಟ್ಟು 15 ಸೆಕೆಂಡು ಎದೆಬಡಿತ ಎಣಿಸಿ ನಾಲ್ಕರಿಂದ ಗುಣಿಸುತ್ತೇನೆ. ಸುಮ್ಮನೆ ನಿಂತಾಗ ಮಲ್ಲಿಗೆ 36. ಕುದುರೆಗಳಿಗೆ 28ರಿಂದ 44 ಸಹಜ. ಮಗಳು ಇಳಿದಾಗ 60, ಹತ್ತು ನಿಮಿಷಕ್ಕೆ 40. ಮಾರನೇ ಬೆಳಗ್ಗೆ ಬೆನ್ನುಮೂಳೆಯ ಎರಡೂ ಕಡೆ ಬೆರಳು ಒತ್ತುತ್ತಾ ಹೆಗಲಿನಿಂದ ಸೊಂಟದವರೆಗೆ ಬಂದೆ. ಕಿವಿ ಅಲ್ಲಾಡಲಿಲ್ಲ.

ಎರಡು ವಾರ ಬಿಟ್ಟು ಅಕ್ಕನ ಮಗ. 55 ಕೆಜಿ ಅಷ್ಟೇ, ಆದರೆ ಜೀವನದಲ್ಲಿ ಮೊದಲ ಸಲ ಕುದುರೆ ಹತ್ತಿದವನು. ಮಾವ, ಸ್ವಲ್ಪ ಓಡಿಸ್ತೀನಿ ಅಂತ ಕೇಳದೆ ಟ್ರಾಟ್ ಮಾಡಿಸಿದ. ಧಪ್ ಧಪ್ ಅಂತ ಜೀನಿನ ಮೇಲೆ ಬೀಳುತ್ತಿದ್ದ. ನಡಿಗೆಯಲ್ಲಿ ಸವಾರ ಬೆನ್ನಿನ ಮೇಲೆ ಹಾಕುವ ಒತ್ತಡ ಹೆಚ್ಚು ಕಡಿಮೆ ಅವನ ತೂಕದಷ್ಟೇ ಇದ್ದರೆ, ಟ್ರಾಟ್‌ನಲ್ಲಿ ಕೂತೇ ಇದ್ದರೆ ಒಂದೊಂದು ಹೆಜ್ಜೆಗೂ ಎರಡು ಪಟ್ಟು ದಾಟುತ್ತೆ. ಮಾರನೇ ದಿನ ಸೊಂಟ ಮುಟ್ಟಿದರೆ ಚರ್ಮ ಪಟಪಟ ಅಂತು. ಒಂದು ವಾರ ರಜೆ. ಅದಾದ ತಿಂಗಳಿಗೆ ಎನ್‌ಸಿಸಿಯಲ್ಲಿ ಕುದುರೆ ಸವಾರಿ ಕಲಿತ ಸ್ನೇಹಿತರೊಬ್ಬರು ಬಂದಿದ್ದರು. ಅವರು ಅವನಿಗಿಂತ 3 ಕೆಜಿ ಜಾಸ್ತಿ. ಜಗುಲಿಯಿಂದ ಹತ್ತಿ, ಅರ್ಧ ಗಂಟೆ ನಡೆಸಿ ಇಳಿದರು. ಮಾರನೇ ದಿನ ಮಲ್ಲಿ ಏನೂ ಆಗಿಲ್ಲ ಅನ್ನೋ ಹಾಗೆ ಇದ್ದಳು.

ಜಗುಲಿಯ ಮಾತು ಬಂತಲ್ಲ. ನೆಲದಿಂದ ರಿಕಾಬಿಗೆ ಕಾಲಿಟ್ಟು ಹತ್ತಿದರೆ ಇಡೀ ಭಾರ ಒಂದೇ ಪಕ್ಕಕ್ಕೆ ಜಗ್ಗಿ, ಜೀನು ಹೆಗಲನ್ನು ತಿರುಚುತ್ತೆ. ನಮ್ಮನೇಲಿ ಈಗ ಜಗುಲಿ ಇಲ್ಲದೆ ಯಾರೂ ಹತ್ತುವ ಹಾಗಿಲ್ಲ.

ಕೊನೆಗೆ ನಾನು ಹಿಡಿದ ಲೆಕ್ಕ ಶೇಕಡಾ 15. ಎಲ್ಲಾ ಸೇರಿ 64 ಕೆಜಿ. ಇದು ಯಾವ ಗ್ರಂಥದ್ದೂ ಅಲ್ಲ, ಮಲ್ಲಿಯ ಬೆನ್ನು ಒಪ್ಪಿದ್ದು. ನಿಮ್ಮ ಕುದುರೆಗೆ 17 ಆಗಬಹುದು, ಸೊನ್ನೆಯೂ ಆಗಬಹುದು. ಏರು ಇದ್ದರೆ, ಮಾರ್ಚ್ ಬಿಸಿಲಿದ್ದರೆ ಅದಕ್ಕಿಂತ ಕಡಿಮೆ.

ಹೋದ ಮದುವೆ ಸೀಸನ್ನಿನಲ್ಲಿ ಪಕ್ಕದ ಊರಿನವರು ವರನ ಮೆರವಣಿಗೆಗೆ ಕೇಳಿಕೊಂಡು ಬಂದರು. ಬರೀ ಒಂದು ಕಿಲೋಮೀಟರ್ ಅಣ್ಣ, ಮೆಲ್ಲಗೆ, ಅಂದರು. ಹುಡುಗನ ತೂಕ ಎಷ್ಟು ಅಂದೆ. ಮುಖ ಮುಖ ನೋಡಿಕೊಂಡರು. "ತೊಂಬತ್ತೈದು ಇರ್ಬೋದು." ಮೆಲ್ಲಗೆ ಅಂದರೆ ಪಟಾಕಿ, ಡೋಲು, ಕುಣಿತದ ಮಧ್ಯೆ ಎರಡು ಗಂಟೆ ನಿಲ್ಲೋದು. ಭಾರ ಹೊತ್ತು ನಿಲ್ಲೋದು ನಡೆಯೋದಕ್ಕಿಂತ ಸುಲಭ ಅಂತ ಯಾರು ಹೇಳಿದರೋ. ಆಗಲ್ಲ ಅಂದೆ. ಬೇಸರ ಮಾಡಿಕೊಂಡರು, ಮದುವೆಗೆ ಕರೆಯಲಿಲ್ಲ.

ಈಗ ಲಾಯದ ಗೋಡೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದೇನೆ. ಭಾರ, ನಿಮಿಷ, ಎದೆಬಡಿತ, ಮಾರನೇ ಬೆಳಗ್ಗೆಯ ಬೆನ್ನು. ಏರಿ ಮೇಲೆ ಜೊತೆಗೆ ನಡೆದೂ ನಡೆದೂ ನಾನು 77ಕ್ಕೆ ಇಳಿದಿದ್ದೇನೆ. ಇನ್ನೇನು ಹತ್ತಬಹುದಲ್ಲ ಅಂತ ಮಗಳು ಹಾಸ್ಯ ಮಾಡುತ್ತಾಳೆ. ನನ್ನ ಸಾಮಾನು ಸೇರಿ 88, ಅವಳೇ ಕೂಡಿ ನೋಡಲಿ. ಮೊನ್ನೆ ಅವಳು ಊರಲ್ಲಿ ಇರಲಿಲ್ಲ, ನಾನೇ ಮಲ್ಲಿಯನ್ನು ಬಿಚ್ಚಿಕೊಂಡು ಹೊರಟೆ. ಅಭ್ಯಾಸ ನೋಡಿ, ಜಗುಲಿ ಪಕ್ಕ ಬಂದು ತಾನಾಗಿ ನಿಂತುಕೊಂಡಳು. ಬೆಲ್ಲ ಕೊಟ್ಟು ಹಗ್ಗ ಹಿಡಿದು ಮುಂದೆ ನಡೆದೆ. ಸಂಜೆ ಬರೆದೆ: ಭಾರ 0, 40 ನಿಮಿಷ.